ಮದ್ದು ಹೊಡೆಯುವ ವಿಮಾನ ಗದ್ದೆಗೆ ಬೀಳುವುದೇಕೆ?



ಕೆಸರುಗದ್ದೆಯಲ್ಲಿ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಮದ್ದು ಹೊಡೆಯುವುದು ಎಷ್ಟು ಶ್ರಮದ ಕೆಲಸವೆಂಬುದು ಕಿರುಗಾವಲು ಹೋಬಳಿಯ ರೈತರಾದ ತಮಗೆ ತಿಳಿದೇ ಇದೆ. ಈಚಿನ ವರ್ಷಗಳಲ್ಲಿ ಈ ಕೆಲಸಕ್ಕೆ ಡ್ರೋನ್ ಒದಗಿದೆ. ಆದರೆ ಮೇಲಿನಿಂದ ಮದ್ದು ಹಾಕುವ ಪದ್ಧತಿ ಹೊಸದಲ್ಲ. 1921ರ ಆಗಸ್ಟ್ 3ರಂದೇ ಅಮೆರಿಕದ ಓಹಾಯೊದಲ್ಲಿ ಹುಳು ಹತ್ತಿದ ಮರಗಳ ತೋಪಿಗೆ ವಿಮಾನದಿಂದ ಪುಡಿಮದ್ದು ಎರಚಿದರು. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯೂ ಈ ಕೆಲಸಕ್ಕೆಂದೇ ‘ಬಸಂತ್’ ಎಂಬ ವಿಮಾನವನ್ನು ರೂಪಿಸಿತು. ಅದರ ಸುಧಾರಿಸಿದ ಮಾದರಿ 1972ರಲ್ಲಿ ಹಾರಿತು. 1980ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ 39 ವಿಮಾನಗಳು ಸಿದ್ಧವಾಗಿದ್ದವು.

ಇಂತಹ ವಿಮಾನಗಳಿಗೆ ಒದಗುವ ಅಪಾಯಗಳಲ್ಲಿ ಇಂಧನದ ಲೆಕ್ಕ ತಪ್ಪುವುದೂ ಒಂದು. ವಿಮಾನದ ಎಣ್ಣೆ ಸಾಮಾನ್ಯವಾಗಿ ಎರಡು ರೆಕ್ಕೆಗಳ ಟ್ಯಾಂಕುಗಳಲ್ಲಿರುತ್ತದೆ. ಹಳೆಯ ಮೋಟಾರ್ ಸೈಕಲ್ಲಿನ ಪೆಟ್ರೋಲ್ ನಲ್ಲಿಯನ್ನು ರಿಸರ್ವಿಗೆ ತಿರುಗಿಸುವ ಹಾಗೆ, ಕೆಲವು ವಿಮಾನಗಳಲ್ಲಿ ಚಾಲಕನೇ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸಬೇಕು. ಮರೆತರೆ ಒಂದು ಟ್ಯಾಂಕು ತುಂಬಿದ್ದರೂ ಇಂಜಿನ್ ನಿಂತುಹೋಗುತ್ತದೆ. ಎತ್ತರದಲ್ಲಿದ್ದರೆ ತಪ್ಪನ್ನು ತಿದ್ದಿಕೊಳ್ಳಲು ಸ್ವಲ್ಪ ಸಮಯವಾದರೂ ಸಿಕ್ಕೀತು. ಮದ್ದು ಹೊಡೆಯುವ ವಿಮಾನವಾದರೋ ಪೈರಿನ ಮೇಲೆ ಹತ್ತಾರು ಅಡಿಗಳಲ್ಲೇ ಹಾರುತ್ತದೆ. ಅಲ್ಲಿ ಇಂಜಿನ್ ನಿಂತರೆ ನೆಲ ತಟ್ಟಲು ಕೆಲವೇ ಕ್ಷಣ ಸಾಕು.

ಲೆಕ್ಕ ಹಾಕಿದ್ದರೂ ಖರ್ಚು ಹೆಚ್ಚಬಹುದು. 1993ರ ನವೆಂಬರ್ 15ರಂದು ಮದ್ರಾಸಿನಿಂದ ಹೈದರಾಬಾದಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನಕ್ಕೆ ಅಲ್ಲಿ ಮಬ್ಬು ಕವಿದಿದ್ದರಿಂದ ಇಳಿಯಲಾಗಲಿಲ್ಲ. ಹಿಂದಿರುಗುವಾಗ ರೆಕ್ಕೆಯ ಮಡಿಕೆಗಳು ಪೂರ್ತಿ ಒಳಸರಿಯದೆ ಸಿಕ್ಕಿಕೊಂಡವು. ಗಾಳಿಯ ತಡೆ ಹೆಚ್ಚಿ, ಎಣ್ಣೆ ಬೇಗ ಕರಗಿತು. ಕೊನೆಗೆ ತಿರುಪತಿಯ ಬಳಿ ಭತ್ತದ ಗದ್ದೆಯಲ್ಲೇ ಇಳಿಸಬೇಕಾಯಿತು. ಅದೃಷ್ಟವಶಾತ್ ಒಳಗಿದ್ದ 262 ಜನರೂ ಬದುಕಿಕೊಂಡರು.

ನಮ್ಮ ಡ್ರೋನಿಗೂ ಇದೇ ನಿಯಮ. ಅದರ ಇಂಧನವೆಂದರೆ ಬ್ಯಾಟರಿ. ಮದ್ದಿನ ಭಾರ ಹೆಚ್ಚಿದ್ದರೆ, ಎದುರುಗಾಳಿ ಬೀಸಿದರೆ, ಬ್ಯಾಟರಿ ಹಳೆಯದಾಗಿದ್ದರೆ ಅದು ಎಣಿಸಿದ್ದಕ್ಕಿಂತ ಬೇಗ ಇಳಿಯುತ್ತದೆ. ನಡುಗದ್ದೆಯಲ್ಲಿ ಬಿದ್ದರೆ ಯಂತ್ರ ಹಾಳಾಗುವುದಲ್ಲದೆ ಮದ್ದು ಒಂದೇ ಕಡೆ ಚೆಲ್ಲಿ ಪೈರು ಸುಡುತ್ತದೆ. ಬದುವಿನ ಮೇಲಿದ್ದವರ ಮೇಲೆ ಬಿದ್ದರಂತೂ ಪ್ರಾಣಕ್ಕೇ ಕುತ್ತು.

ಆದುದರಿಂದ ಡ್ರೋನ್ ತರಿಸುವವರು ಈ ಅಂಶಗಳನ್ನು ಗಮನದಲ್ಲಿಡಬೇಕು:

1. ತರಬೇತಿ ಪಡೆದು ಅರ್ಹತಾ ಪತ್ರ ಹೊಂದಿದವರಿಂದಲೇ ಹಾರಿಸಿರಿ. ಗದ್ದೆಯ ಅಳತೆಯನ್ನು ಅವರಿಗೆ ಮೊದಲೇ ಸರಿಯಾಗಿ ತಿಳಿಸಿರಿ. ಅರ್ಧ ಎಕರೆ ಮುಚ್ಚಿಟ್ಟು ಹೇಳಿದರೆ ಲೆಕ್ಕವೆಲ್ಲ ತಪ್ಪುತ್ತದೆ.

2. ಹೋಗುವುದಕ್ಕೆ, ಕೆಲಸಕ್ಕೆ, ಹಿಂದಿರುಗುವುದಕ್ಕೆ ಸಾಕಾಗಿ ಮೇಲಿಷ್ಟು ಮಿಗುವಂತೆ ಬ್ಯಾಟರಿ ಇರಬೇಕು. ಉಬ್ಬಿದ ಬ್ಯಾಟರಿಯನ್ನು ಬಳಸಕೂಡದು. ಅದು ಹೊತ್ತಿಕೊಳ್ಳಬಹುದು.

3. ಬ್ಯಾಟರಿ ಇಳಿದ ಎಚ್ಚರಿಕೆ ಬಂದೊಡನೆ, ಮದ್ದು ಉಳಿದಿದ್ದರೂ, ಇಳಿಸಲು ಬಿಡಿರಿ.

4. ಮಕ್ಕಳನ್ನೂ ದನಕರುಗಳನ್ನೂ ಬಯಲಿನಿಂದ ದೂರವಿಡಿರಿ. ಡ್ರೋನ್ ಬಿದ್ದರೆ ಬರಿಗೈಯಿಂದ ಮುಟ್ಟಬೇಡಿರಿ.

ಕೊನೆಯದಾಗಿ ಒಂದು ಮಾತು. ಎಷ್ಟೋ ಸಲ ಚಾಲಕ ಅಪಾಯಕ್ಕೆ ಕೈಹಾಕುವುದು ನಮ್ಮ ಒತ್ತಾಯದಿಂದ. “ಇನ್ನೊಂದು ಪಟ್ಟಿ ತಾನೆ, ಮುಗಿಸಿಬಿಡಪ್ಪ” ಎಂದು ಬದುವಿನ ಮೇಲೆ ನಿಂತವರು ಹೇಳುವುದು ಸಹಜ. ಆ ಪಟ್ಟಿಯನ್ನು ಬ್ಯಾಟರಿ ಬದಲಾಯಿಸಿ ಹತ್ತು ನಿಮಿಷ ತಡವಾಗಿ ಮುಗಿಸಿದರೆ ಪೈರಿಗೇನೂ ನಷ್ಟವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಹಾರುವ ಯಂತ್ರಕ್ಕೂ ಸಲ್ಲುತ್ತದೆ. ಹೆಚ್ಚಿನ ವಿವರಗಳಿಗೆ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.