ಲಾರಿಯ ಹೊಗೆ: ಲೆಕ್ಕಪುಸ್ತಕಕ್ಕೆ ಬಾರದ ವೆಚ್ಚ

ಧುಳೆ, ಛತ್ರಪತಿ ಸಂಭಾಜಿನಗರ, ಬೀಡ್, ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿಗಳನ್ನು ಹಾದು ಅಂಕೋಲೆಯಲ್ಲಿ ಕೊನೆಗೊಳ್ಳುವ 52ನೆಯ ರಾಷ್ಟ್ರೀಯ ಹೆದ್ದಾರಿಯು ಕನ್ನಡಿಗರಿಗೆ ಅಪರಿಚಿತವಾದುದಲ್ಲ. 2023ರವರೆಗೆ ಔರಂಗಾಬಾದ್ ಎನಿಸಿದ್ದ ಜಿಲ್ಲೆಯಲ್ಲಿ ಈ ದಾರಿಯ ಮೇಲೆ ‘ಕನ್ನಡ’ ಎಂಬ ಹೆಸರಿನ ತಾಲ್ಲೂಕು ಕೇಂದ್ರವೇ ಇರುವುದು ಅನೇಕರಿಗೆ ವಿನೋದವೆನಿಸೀತು. ನಾಸಿಕವಾದರೋ ಮುಂಬಯಿ–ಆಗ್ರಾ ರಸ್ತೆಯ ಮೇಲಿದೆ. ಲಾಸಲಗಾಂವದ ಈರುಳ್ಳಿ, ನಾಸಿಕದ ದ್ರಾಕ್ಷಿ, ಸಾತಪುರ, ಅಂಬಡ್ ಮತ್ತು ವಾಳೂಜ್ ಕೈಗಾರಿಕಾ ವಸಾಹತುಗಳ ಸರಕು ಬಹುಮಟ್ಟಿಗೆ ಲಾರಿಗಳಲ್ಲಿಯೇ ಸಾಗುತ್ತವೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಡಿ, ವಾಯುಗುಣದ ಮಾನದಂಡವನ್ನು ಮೀರಿದ ನಗರಗಳ ಪಟ್ಟಿಯಲ್ಲಿ ಇವೆರಡೂ ಸೇರಿವೆ. ರಸ್ತೆಯ ಧೂಳು, ಕಸ ಸುಡುವಿಕೆ ಮುಂತಾದ ಕಾರಣಗಳೂ ಉಂಟು. ಆದರೆ ಡೀಸೆಲ್ ಹೊಗೆಯ ಪಾಲನ್ನು ಕಡೆಗಣಿಸುವಂತಿಲ್ಲ.

ಡೀಸೆಲ್ ಎಂಜಿನ್ನಿನಿಂದ ಮುಖ್ಯವಾಗಿ ಎರಡು ಕೇಡುಗಳು ಹೊರಬೀಳುತ್ತವೆ. ಒಂದು, ಕಣ್ಣಿಗೆ ಕಾಣುವ ಮಸಿ. ಇದರ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳವರೆಗೆ ಇಳಿಯಬಲ್ಲವು. ಇನ್ನೊಂದು, ಬಹುಮಟ್ಟಿಗೆ ಕಣ್ಣಿಗೆ ಕಾಣದ ಸಾರಜನಕದ ಆಕ್ಸೈಡುಗಳು. ಇವು ಉಸಿರಿನ ನಾಳಗಳನ್ನು ಕೆರಳಿಸಿ ಉಬ್ಬಸವನ್ನು ಹೆಚ್ಚಿಸುತ್ತವೆ. ಬಿಸಿಲಿನಲ್ಲಿ ಓಝೋನ್ ಉಂಟಾಗುವುದಕ್ಕೂ ಇವೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರ ಜೂನ್ ತಿಂಗಳಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ನಿಶ್ಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು.

ಇವನ್ನು ತಡೆಯಲೆಂದೇ 1 ಏಪ್ರಿಲ್ 2017ರಿಂದ ದೇಶಾದ್ಯಂತ ಭಾರತ್ ಸ್ಟೇಜ್ 4, 1 ಏಪ್ರಿಲ್ 2020ರಿಂದ ಭಾರತ್ ಸ್ಟೇಜ್ 6 ನಿಯಮಗಳು ಜಾರಿಗೆ ಬಂದುವು. ಭಾರೀ ವಾಹನಗಳ ಸಾರಜನಕ ಆಕ್ಸೈಡಿನ ಮಿತಿಯು ಪ್ರತಿ ಕಿಲೋವ್ಯಾಟ್ ಗಂಟೆಗೆ 3.5 ಗ್ರಾಮಿನಿಂದ 0.4 ಗ್ರಾಮಿಗೆ ಇಳಿಯಿತು. ಇದನ್ನು ಸಾಧಿಸುವ ಉಪಕರಣಗಳು ಮೂರು ಬಗೆಯವು. ಹೊಗೆಯ ಒಂದಂಶವನ್ನು ಮರಳಿ ಸಿಲಿಂಡರಿಗೆ ಕಳುಹಿಸಿ ದಹನದ ಉಷ್ಣತೆಯನ್ನು ತಗ್ಗಿಸುವ ಕವಾಟ ಒಂದು. ಮಸಿಯನ್ನು ಹಿಡಿದಿಟ್ಟು ಆಗಾಗ ಸುಟ್ಟುಹಾಕುವ, ಜೇನುಗೂಡಿನಂಥ ಸೋಸುಕ ಮತ್ತೊಂದು. ಮೂರನೆಯದು ಯೂರಿಯಾ ದ್ರಾವಣವನ್ನು ಬಳಸುವ ವೇಗವರ್ಧಕ: ಶೇಕಡಾ 32.5ರಷ್ಟು ಶುದ್ಧ ಯೂರಿಯಾ ಉಳ್ಳ ನೀರನ್ನು ಬಿಸಿ ಹೊಗೆಯ ಮೇಲೆ ಸಿಂಪಡಿಸಿದಾಗ ಅಮೋನಿಯಾ ಹುಟ್ಟಿ, ವಿಷದ ಆಕ್ಸೈಡನ್ನು ನಿರಪಾಯಕರವಾದ ಸಾರಜನಕ ಮತ್ತು ನೀರನ್ನಾಗಿ ಮಾರ್ಪಡಿಸುತ್ತದೆ.

ಹೊಸದಾಗಿರುವಾಗ ಇವು ಯಾರಿಗೂ ಹೊರೆಯಲ್ಲ. ಲಾರಿಗೆ ಐದಾರು ವರ್ಷಗಳಾಗಿ, ವಾರಂಟಿ ಮುಗಿದು, ಎರಡನೆಯ ಅಥವಾ ಮೂರನೆಯ ಒಡೆಯನ ಕೈಗೆ ಬಂದಾಗ ತೊಡಕು ಆರಂಭವಾಗುತ್ತದೆ. ಸೋಸುಕ ಕಟ್ಟಿಕೊಳ್ಳುತ್ತದೆ, ಸೂಚಕಗಳು ಕೆಡುತ್ತವೆ, ಎಚ್ಚರಿಕೆಯ ದೀಪ ಹತ್ತುತ್ತದೆ, ಎಂಜಿನ್ ತಾನಾಗಿಯೇ ಬಲವನ್ನು ಕುಂದಿಸಿಕೊಳ್ಳುತ್ತದೆ. ಕಂತು ಕಟ್ಟುವ ದಿನವೋ ಕಾಯುವುದಿಲ್ಲ. ಆಗ ಹೆದ್ದಾರಿಯ ಬದಿಯ ಯಾವನೋ ಮೆಕ್ಯಾನಿಕ್ ಸುಲಭೋಪಾಯವನ್ನು ಸೂಚಿಸುತ್ತಾನೆ: ಸೋಸುಕದ ಒಳಗನ್ನು ಒಡೆದು ತೆಗೆಯುವುದು, ಕವಾಟಕ್ಕೆ ತಗಡು ಬಡಿಯುವುದು, ಯೂರಿಯಾ ಸಿಂಪಡಣೆ ನಡೆಯುತ್ತಲೇ ಇದೆಯೆಂದು ಎಂಜಿನ್ನಿನ ಗಣಕವನ್ನು ನಂಬಿಸುವ ಪುಟ್ಟ ಡಬ್ಬಿಯೊಂದನ್ನು ಜೋಡಿಸುವುದು.

ಲೆಕ್ಕವನ್ನು ಒಮ್ಮೆ ನೋಡಬಹುದು. ತಿಂಗಳಿಗೆ 8,000 ಕಿಲೋಮೀಟರ್ ಓಡುವ ಲಾರಿಯು ಲೀಟರಿಗೆ 4 ಕಿಲೋಮೀಟರ್ ಕೊಡುವುದೆಂದು ಇಟ್ಟುಕೊಂಡರೆ ಡೀಸೆಲ್ 2,000 ಲೀಟರ್ ಬೇಕು. ಯೂರಿಯಾ ದ್ರಾವಣವು ಅದರ ಶೇಕಡಾ 5ರಷ್ಟು, ಎಂದರೆ 100 ಲೀಟರ್. ಲೀಟರಿಗೆ 60 ರೂಪಾಯಿ ಹಿಡಿದರೂ ಉಳಿತಾಯ 6,000 ರೂಪಾಯಿ. ಒಂದೇ ಲಾರಿಯ ಬಡ ಒಡೆಯನಿಗೆ ಇದು ಸಣ್ಣ ಮೊತ್ತವಲ್ಲ. ಅವನನ್ನು ಬರಿದೆ ಬೈದು ಪ್ರಯೋಜನವಿಲ್ಲ. ಆದರೆ ಅವನ ಪುಸ್ತಕದಲ್ಲಿ ಜಮೆಯಾದ ಆ ಮೊತ್ತವು ಮತ್ತಾರದೋ ಶ್ವಾಸಕೋಶದ ಖಾತೆಗೆ ಖರ್ಚು ಬೀಳುತ್ತದೆ. ನಿಲ್ದಾಣದಲ್ಲಿ ಎಂಜಿನ್ ನಿಲ್ಲಿಸದೆ ಕ್ಯಾಬಿನ್ನಿನಲ್ಲಿಯೇ ಮಲಗುವ ಚಾಲಕ, ಅವನ ಕ್ಲೀನರ್ ಹುಡುಗ ಮತ್ತು ಢಾಬಾದ ಅಡಿಗೆಯವನು ಈ ಖಾತೆದಾರರಲ್ಲಿ ಮೊದಲಿಗರು.

ಉಳಿತಾಯವಾದರೂ ನಿಜವೇ ಎಂಬುದು ಬೇರೆ ಪ್ರಶ್ನೆ. ಕೆಲವರು ಉಪಕರಣವನ್ನು ಕೀಳದೆ, ರೈತರಿಗೆಂದು ಸರ್ಕಾರ ಅಗ್ಗವಾಗಿ ಕೊಡುವ ಯೂರಿಯಾವನ್ನು ನೀರಿನಲ್ಲಿ ಕದಡಿ ತುಂಬುತ್ತಾರೆ. ಆ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿರುತ್ತದೆ; ಎಣ್ಣೆಯೂ ಕಲ್ಮಶವೂ ಸಿಂಪಡಿಸುವ ಮೂತಿಯನ್ನು ಕಟ್ಟಿ ವೇಗವರ್ಧಕವನ್ನೇ ಕೆಡಿಸುತ್ತವೆ. ತಿಂಗಳ ಸಾವಿರಗಳನ್ನು ಉಳಿಸಹೋಗಿ ಲಕ್ಷದ ಮಾತಿಗೆ ಬರುವುದು ಹೀಗೆ.

ಕಾನೂನು ಸುಮ್ಮನಿಲ್ಲ. ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ಗೊತ್ತುಪಡಿಸಿತು. ಆದರೆ ಹಿಡಿಯುವುದು ಹೇಗೆ? ಪಿ.ಯು.ಸಿ. ಕೇಂದ್ರದಲ್ಲಿ ಡೀಸೆಲ್ ವಾಹನದ ಹೊಗೆ ಎಷ್ಟು ಕಪ್ಪಾಗಿದೆ ಎಂಬುದನ್ನು ಮಾತ್ರ ಅಳೆಯುತ್ತಾರೆ. ಸಾರಜನಕದ ಆಕ್ಸೈಡನ್ನು ಅಳೆಯುವುದೇ ಇಲ್ಲ. ಯೂರಿಯಾ ವ್ಯವಸ್ಥೆಯನ್ನು ಕಳಚಿದ ಲಾರಿಯೂ ಅಲ್ಲಿ ಸಲೀಸಾಗಿ ಉತ್ತೀರ್ಣವಾಗಬಲ್ಲುದು. ವ್ಯವಸ್ಥೆಯ ನಿಜವಾದ ತೂತು ಇದೇ.

ಇದು ಬಡ ದೇಶದ ಖಾಯಿಲೆಯೇನೂ ಅಲ್ಲ. ಅಮೆರಿಕದಲ್ಲಿ ಹತ್ತು ವರ್ಷಗಳೊಳಗೆ ಐದೂವರೆ ಲಕ್ಷಕ್ಕೂ ಮಿಕ್ಕ ಡೀಸೆಲ್ ಪಿಕಪ್ ಗಾಡಿಗಳ ಉಪಕರಣಗಳನ್ನು ಕಿತ್ತುಹಾಕಲಾಗಿದೆಯೆಂದು ಅಲ್ಲಿನ ಪರಿಸರ ರಕ್ಷಣಾ ಸಂಸ್ಥೆಯೇ 2020ರಲ್ಲಿ ಅಂದಾಜು ಮಾಡಿತು. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯು ಪರೀಕ್ಷೆಯ ವೇಳೆ ಮಾತ್ರ ಹೊಗೆ ತಗ್ಗಿಸುವ ಗಣಕತಂತ್ರವನ್ನು ಸುಮಾರು 1.1 ಕೋಟಿ ವಾಹನಗಳಲ್ಲಿ ಅಡಗಿಸಿದ್ದುದು ಬಯಲಾಯಿತು. ಆ ಸಮೂಹದ ಸ್ಕೋಡಾ ಕಾರ್ಖಾನೆಯೊಂದು ಸಂಭಾಜಿನಗರದ ಶೇಂದ್ರೆಯಲ್ಲಿಯೇ ಇದೆ.

ಸೆಕೆಂಡ್ ಹ್ಯಾಂಡ್ ಲಾರಿಯನ್ನು ಕೊಳ್ಳುವ ಬಂಧುಮಿತ್ರರಿದ್ದರೆ, ಆರ್.ಸಿ. ಪುಸ್ತಕ ಮತ್ತು ಟೈರುಗಳೊಡನೆ ಹಿಂದಿನ ಒಡೆಯನ ಬಿಲ್ಲುಗಳನ್ನೂ ನೋಡುವಂತೆ ಅವರಿಗೆ ಹೇಳುವುದು ಲೇಸು. ಯೂರಿಯಾ ದ್ರಾವಣ ಬಳಸುವ ಲಾರಿಯಾಗಿದ್ದೂ ತಿಂಗಳಿಗೆ 2,000 ಲೀಟರ್ ಡೀಸೆಲಿನ ಬಿಲ್ಲಿದ್ದು, ದ್ರಾವಣದ ಬಿಲ್ಲು ಒಂದೂ ಇಲ್ಲದಿದ್ದರೆ, ಆ ಪುಟ್ಟ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟಿದ್ದಾರೆಂದು ಹುಡುಕುವುದಷ್ಟೇ ಉಳಿಯುತ್ತದೆ.