ಟರ್ಬೊ ಕಾರು ಮತ್ತು ಘಟ್ಟದ ತಿರುವು

ಬೆಳ್ತಂಗಡಿಯ ಕಡೆಯ ಅಡಕೆ ತೋಟಗಳಲ್ಲಿ ಪಂಪನ್ನು ಹೊಳೆಯ ದಡದಲ್ಲಿರಿಸಿ ನೀರನ್ನು ಗುಡ್ಡದ ಮೇಲಕ್ಕೆ ಏರಿಸುವ ರೂಢಿಯುಂಟು. ಗುಂಡಿಯನ್ನೊತ್ತಿದ ಕ್ಷಣದಲ್ಲಿಯೇ ಮೇಲೆ ನೀರು ಬೀಳದು. ಪಂಪಿನೊಳಗಣ ಚಕ್ರವು ಮೊದಲು ವೇಗವನ್ನು ಪಡೆಯಬೇಕು, ಉದ್ದನೆಯ ಕೊಳವೆ ತುಂಬಬೇಕು, ಅನಂತರವೇ ನೀರು. ತೋಟದಲ್ಲಿ ಈ ವಿಳಂಬದಿಂದ ಯಾರಿಗೂ ನಷ್ಟವಿಲ್ಲ. ಇಂಥದೇ ವಿಳಂಬವು ವೇಗದ ಕಾರೊಂದರ ಎಂಜಿನಿನಲ್ಲಿ, ಅದೂ ಮಳೆಗಾಲದ ಚಾರ್ಮಾಡಿ ಘಟ್ಟದಲ್ಲಿ ಒದಗಿದರೆ ಏನಾದೀತೆಂಬುದನ್ನು ನಾವಿಲ್ಲಿ ವಿಚಾರಿಸೋಣ.

ಎಂಜಿನಿನ ಬಲ ಅದು ಉರಿಸುವ ಇಂಧನದಿಂದ ಬರತಕ್ಕದ್ದು; ಇಂಧನ ಉರಿಯಬೇಕಾದರೆ ಗಾಳಿ ಬೇಕು. ಹೆಚ್ಚು ಗಾಳಿಯನ್ನು ಒತ್ತಿ ತುಂಬಿದರೆ ಸಣ್ಣ ಎಂಜಿನೂ ದೊಡ್ಡದರ ಕೆಲಸ ಮಾಡಬಲ್ಲದು. ಒತ್ತುವ ಶಕ್ತಿಯನ್ನು, ಹೇಗೂ ವ್ಯರ್ಥವಾಗಿ ಹೊರಬೀಳುವ ಬಿಸಿ ಅನಿಲದಿಂದಲೇ ಪಡೆಯಬಹುದೆಂಬ ಯೋಚನೆಗೆ ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟು ಪಡೆದನು. ಒಂದೇ ದಂಡದ ಎರಡು ತುದಿಗಳಲ್ಲಿ ಎರಡು ಚಕ್ರಗಳು: ಒಂದನ್ನು ಹೊರಹೋಗುವ ಅನಿಲ ತಿರುಗಿಸುತ್ತದೆ, ಇನ್ನೊಂದು ಹೊಸ ಗಾಳಿಯನ್ನು ಒಳಕ್ಕೆ ಒತ್ತುತ್ತದೆ. ಈ ಎರಡನೆಯದು ನಮ್ಮ ತೋಟದ ಪಂಪಿನ ಸೋದರನೇ ಸರಿ. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬಾತನು ಅಮೆರಿಕದ ಪೈಕ್ಸ್ ಪೀಕ್ ಪರ್ವತದ ಮೇಲೆ, ಸುಮಾರು 14,000 ಅಡಿ ಎತ್ತರದ ತೆಳುಗಾಳಿಯಲ್ಲಿ, ವಿಮಾನದ ಎಂಜಿನೊಂದಕ್ಕೆ ಇಂಥ ಯಂತ್ರವನ್ನು ಜೋಡಿಸಿ ಅದರ ಬಲ ಮರಳುವುದನ್ನು ತೋರಿಸಿದನು. ಕಾರುಗಳಿಗೆ ಇದು ಬಂದುದು 1962ರಲ್ಲಿ. ಈಗ ನಮ್ಮ ದಾರಿಗಳಲ್ಲಿ ಓಡುವ ಡೀಸೆಲ್ ಬಸ್ಸು, ಲಾರಿಗಳಲ್ಲಿಯೂ ಇದೇ ಇದೆ.

ಇನ್ನು ತೊಡಕು. ಗಾಳಿ ಹೆಚ್ಚಬೇಕಾದರೆ ಚಕ್ರ ವೇಗವಾಗಿ ತಿರುಗಬೇಕು. ಚಕ್ರ ತಿರುಗಬೇಕಾದರೆ ಅನಿಲ ಹೆಚ್ಚಬೇಕು. ಅನಿಲ ಹೆಚ್ಚಬೇಕಾದರೆ ಗಾಳಿಯೇ ಹೆಚ್ಚಬೇಕು! ಒಂದು ಲೆಕ್ಕ ಹಾಕಿ ನೋಡೋಣ. ಚಕ್ರಗಳೆರಡರ ಜಡತ್ವದ ಮಹತ್ವ 0.00002 ಕಿಲೋಗ್ರಾಂ-ಚದರ ಮೀಟರ್ ಎಂದಿರಲಿ. ನಿಮಿಷಕ್ಕೆ 1,50,000 ಸುತ್ತಿನ ವೇಗದಲ್ಲಿ ಅವುಗಳ ಚಲನಶಕ್ತಿ ಸುಮಾರು 2,460 ಜೂಲ್. 30,000 ಸುತ್ತಿನಲ್ಲಾದರೆ ಅದರ 25ರಲ್ಲೊಂದು ಪಾಲು, ಸುಮಾರು 100 ಜೂಲ್ ಮಾತ್ರ. ಈ ಅಂತರವನ್ನು ತುಂಬಲು ಸರಾಸರಿ 2 ಕಿಲೋವಾಟ್ ಒದಗಿದರೆ ಸುಮಾರು 1.2 ಸೆಕೆಂಡು ಬೇಕು. ಇದೇನು ಮಹಾ ಎನ್ನಬೇಡಿ. ಬಂಟವಾಳದಿಂದ ಸಿದ್ಧಕಟ್ಟೆಯ ಮಾರ್ಗವಾಗಿ ಮೂಡಬಿದರೆಗೆ ಹೋಗುವಾಗ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬಸ್ಸೊಂದನ್ನು ಹಿಂದಿಕ್ಕಲು ಬಲಕ್ಕೆ ಸರಿದ ಕಾರು, ಬಲ ಬರುವುದರೊಳಗೆ 20 ಮೀಟರ್ ಕ್ರಮಿಸಿರುತ್ತದೆ. ಎದುರಿನಿಂದ ಬರುವವನೂ ಅಷ್ಟೇ ಹತ್ತಿರವಾಗಿರುತ್ತಾನೆ.

ಘಟ್ಟದಲ್ಲಿ ವಿಷಯ ಇನ್ನೂ ಸೂಕ್ಷ್ಮ. ಚಾರ್ಮಾಡಿಯಿಂದ ಕೊಟ್ಟಿಗೆಹಾರಕ್ಕೆ ಏರುವಾತನು ತಿರುವಿನ ಮುನ್ನ ಪೆಡಲಿನಿಂದ ಕಾಲು ತೆಗೆಯುತ್ತಾನೆ. ಅನಿಲ ಕಡಿಮೆಯಾಗಿ ಟರ್ಬೊ ಚಕ್ರ ನಿಧಾನವಾಗುತ್ತದೆ. ತಿರುವಿನೊಳಗೆ ಮತ್ತೆ ಒತ್ತುತ್ತಾನೆ. ಬಲವಿಲ್ಲ! ಇನ್ನೂ ಒತ್ತುತ್ತಾನೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ 10 ಮೀಟರ್ ಸಾಗಿದ ಮೇಲೆ, ಅವನು ಕೇಳಿದ್ದೂ ಕೇಳದ್ದೂ ಒಟ್ಟಿಗೆ ಬರುತ್ತದೆ. ಟಯರು ರಸ್ತೆಯನ್ನು ಹಿಡಿಯುವ ಬಲಕ್ಕೆ ಮಿತಿಯುಂಟು. ಬಲಗಳನ್ನು ಲಂಬಕೋನದಲ್ಲಿ ಕೂಡಿಸುವ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು: ಆ ಮಿತಿಯ 10ರಲ್ಲಿ 8 ಪಾಲನ್ನು ತಿರುವು ಬಳಸಿಕೊಂಡಿದ್ದರೆ ಮುನ್ನೂಕಲು ಉಳಿಯುವುದು 6 ಪಾಲು. ಮಳೆಗೆ ಮಿತಿಯೇ ಕುಗ್ಗಿ, ತಿರುವಿಗೆ ಬೇಕಾದುದು ಅಷ್ಟೇ ಇದ್ದಾಗ ಉಳಿಕೆ ಬೇಗನೆ ಸೊನ್ನೆಯತ್ತ ಇಳಿಯುತ್ತದೆ. ಹಿಂದಿನ ಗಾಲಿಗಳಿಂದ ಓಡುವ ಕಾರಾದರೆ ಅದರ ಹಿಂಭಾಗವೇ ಜಾರಿ ಪಕ್ಕಕ್ಕೆ ಬೀಸುತ್ತದೆ, ಪಕ್ಕದಲ್ಲಿರುವುದು ಕಣಿವೆ. ಜಾಹೀರಾತಿನ ಅಶ್ವಶಕ್ತಿಯ ಅಂಕೆಯು ಇದನ್ನು ಸ್ವಲ್ಪವೂ ತಿಳಿಸದು. ಎಷ್ಟು ಬಲ ಎಂಬುದಕ್ಕಿಂತ, ಒತ್ತಿದ ಎಷ್ಟು ಹೊತ್ತಿಗೆ, ಎಷ್ಟು ಅಳತೆಯಲ್ಲಿ ಬರುತ್ತದೆಂಬುದು ನಮ್ಮ ಮಟ್ಟಿಗೆ ಹೆಚ್ಚಿನ ಪ್ರಶ್ನೆ.

ಪರಿಹಾರಗಳಲ್ಲಿ ಸರಳವಾದುದು ಚಕ್ರವನ್ನು ಕಿರಿದಾಗಿಸುವುದು. ಒಂದೇ ಆಕಾರದ ಚಕ್ರಗಳಲ್ಲಿ ಜಡತ್ವದ ಮಹತ್ವವು ತ್ರಿಜ್ಯದ ಐದನೆಯ ಘಾತವನ್ನು ಅನುಸರಿಸುತ್ತದೆ. ತ್ರಿಜ್ಯವನ್ನು ಐದರಲ್ಲೊಂದು ಪಾಲು ಇಳಿಸಿದರೆ ಅದು ಮೂರರಲ್ಲೊಂದಕ್ಕೆ ಬೀಳುತ್ತದೆ. ಕಿರಿಯ ಚಕ್ರ ಅಷ್ಟೇ ಒತ್ತಡಕ್ಕಾಗಿ ಹೆಚ್ಚು ವೇಗವಾಗಿ ಸುತ್ತಬೇಕಾದುದರಿಂದ ಲಾಭ ಪೂರ್ತಿ ದಕ್ಕದು. ಆದರೂ ತುಂಬಬೇಕಾದ ಶಕ್ತಿ ಅರ್ಧವಾಗುತ್ತದೆ. ಆದರೆ ಎಂಜಿನು ಜೋರಾಗಿ ಓಡಿದಾಗ ಕಿರಿಯ ಚಕ್ರಕ್ಕೆ ಉಸಿರು ಸಾಲದು. 1986ರ ಪೋರ್ಶೆ 959ರಲ್ಲಿ ಮೊದಲು ಒಂದೇ ಟರ್ಬೊ, ಅನಂತರ ಎರಡನೆಯದೂ ಕೂಡಿ ದುಡಿಯುವ ಉಪಾಯ ಮಾಡಿದರು. ಅನಿಲದ ದಾರಿಯನ್ನು ಎಲೆಗಳಂಥ ಪಟ್ಟಿಗಳಿಂದ ಕಿರಿದು ಹಿರಿದು ಮಾಡುವುದು ಇನ್ನೊಂದು ಬಗೆ. ಡೀಸೆಲಿನಲ್ಲಿ ಸಾಮಾನ್ಯವಾಗಿದ್ದ ಇದನ್ನು, ಪೆಟ್ರೋಲಿನ ಸುಮಾರು 1,000 ಡಿಗ್ರಿ ಬಿಸಿಗೆ ತಡೆಯುವ ಲೋಹದಿಂದ 2006ರಲ್ಲಿ ಪೋರ್ಶೆ 911 ಟರ್ಬೊದಲ್ಲಿ ಅಳವಡಿಸಿದರು. ರ‍್ಯಾಲಿ ಸ್ಪರ್ಧೆಯವರು ಇಂಧನವನ್ನು ಹೊಗೆಯ ಕೊಳವೆಯಲ್ಲಿಯೇ ಉರಿಸಿ ಚಕ್ರವನ್ನು ನಿಲ್ಲಗೊಡುವುದಿಲ್ಲ. ಪಟಾಕಿಯಂಥ ಆ ಸದ್ದು ಟರ್ಬೊವಿನ ಆಯುಷ್ಯವನ್ನು ತಿನ್ನುವ ಸದ್ದೇ. 2022ರ ಮರ್ಸಿಡಿಸ್-ಎಎಂಜಿ ಎಸ್‌ಎಲ್ 43ರಲ್ಲಿಯಾದರೋ ದಂಡಕ್ಕೆ ಪುಟ್ಟ ವಿದ್ಯುತ್ ಮೋಟಾರನ್ನೇ ಕೂಡಿಸಿದ್ದಾರೆ. ಅದು ಅನಿಲಕ್ಕಾಗಿ ಕಾಯದೆ ಚಕ್ರವನ್ನು ತಿರುಗಿಸಬಲ್ಲದು.

ಇಂಥ ಮೋಟಾರಿಲ್ಲದ ಟರ್ಬೊ ಗಾಡಿಯನ್ನು ಘಟ್ಟ ಹತ್ತಿಸುವವರಿಗೆ ಗೇರು ಇದ್ದೇ ಇದೆ. ತಿರುವಿಗೆ ಮುನ್ನವೇ ಗೇರನ್ನು ಇಳಿಸಿದರೆ ಎಂಜಿನಿನ ಸುತ್ತು ಏರುತ್ತದೆ. ಪೆಡಲನ್ನು ಬೇಗನೆ, ಆದರೆ ಮೆಲ್ಲನೆ ಒತ್ತಿದರೆ ಟರ್ಬೊವಿಗೆ ಬೇಕಾದ ಅನಿಲ ತಿರುವಿನ ಹೊತ್ತಿಗಾಗಲೇ ಹರಿಯುತ್ತಿರುತ್ತದೆ.