ಬಾರ್ಬರಾ ಸ್ಟಾನ್ವಿಕ್: ಕತ್ತರಿಗೆ ಸಿಗದ ಮುಖ

‘ಬೇಬಿ ಫೇಸ್’ ಚಿತ್ರದ ಎರಡು ಪ್ರತಿಗಳನ್ನು ಈಚೆಗೆ ಒಂದರ ಬೆನ್ನಿಗೆ ಒಂದರಂತೆ ನೋಡಿದೆ. ಒಂದು, 1933ರಲ್ಲಿ ಸೆನ್ಸಾರ್‌ಗೆ ತಲೆಬಾಗಿ ಥಿಯೇಟರಿಗೆ ಬಂದದ್ದು. ಇನ್ನೊಂದು ಅದಕ್ಕೂ ಮೊದಲಿನದು. ಎಪ್ಪತ್ತು ವರ್ಷ ಡಬ್ಬದೊಳಗೇ ಇದ್ದ ಅದು ಹೊರಬಂದದ್ದು 2004ರಲ್ಲಿ, ಓಹಾಯೋದ ಡೇಟನ್‌ನಲ್ಲಿ ಆಗ ಇದ್ದ ಲೈಬ್ರರಿ ಆಫ್ ಕಾಂಗ್ರೆಸ್‌ನ ಚಿತ್ರಸಂಗ್ರಹದಲ್ಲಿ. ಹೊಸ ಪ್ರಿಂಟ್ ಹಾಕಿಸಲೆಂದು ನೆಗೆಟಿವ್‌ಗಳನ್ನು ತೆಗೆದು ನೋಡಿದರೆ, ಒಂದು ಇನ್ನೊಂದಕ್ಕಿಂತ ಉದ್ದ! ವ್ಯತ್ಯಾಸ ಐದೇ ನಿಮಿಷದ್ದು. ಆ ಐದು ನಿಮಿಷದ ಗುಂಗು ನನ್ನನ್ನಿನ್ನೂ ಬಿಟ್ಟಿಲ್ಲ.

ಲಿಲಿ ಎಂಬ ಹುಡುಗಿಯ ಕತೆ ಇದು; ಲಿಲಿಯಾಗಿ ನಟಿಸಿದವಳು ಬಾರ್ಬರಾ ಸ್ಟಾನ್ವಿಕ್. ಪೆನ್ಸಿಲ್ವೇನಿಯಾದ ಈರಿ ಊರಿನಲ್ಲಿ ಅಪ್ಪನದು ಕದ್ದು ನಡೆಸುವ ಹೆಂಡದಂಗಡಿ. ಗಿರಾಕಿಗಳಿಗೆ ಮಗಳನ್ನೇ ಒಪ್ಪಿಸುವ ಅಪ್ಪ. ಅವನು ಸತ್ತ ಮೇಲೆ ಲಿಲಿ ನ್ಯೂಯಾರ್ಕಿನ ಬ್ಯಾಂಕೊಂದನ್ನು ಹೊಕ್ಕು, ಒಬ್ಬೊಬ್ಬ ಗಂಡಸನ್ನೂ ಮೆಟ್ಟಿಲಾಗಿಸಿಕೊಂಡು ಮಹಡಿಯಿಂದ ಮಹಡಿಗೆ ಏರುತ್ತಾಳೆ. ಪ್ರತಿ ಸಲವೂ ಕ್ಯಾಮೆರಾ ಕಟ್ಟಡದ ಹೊರಗಿನಿಂದ ಒಂದಷ್ಟು ಕಿಟಕಿ ಮೇಲೆ ಹೋಗುತ್ತದೆ.

ಆದರೆ ನನ್ನ ಕಣ್ಣು ನೆಟ್ಟದ್ದು ಬೂಟು ಹೊಲಿಯುವ ಮುದುಕನ ಮೇಲೆ. ಮೂಲ ಪ್ರತಿಯಲ್ಲಿ ಆತ ತತ್ವಜ್ಞಾನಿ ನೀಚೆಯ ಹೆಸರೆತ್ತಿ, ಗಂಡಸರು ನಿನ್ನನ್ನು ಬಳಸಿಕೊಳ್ಳುವುದಲ್ಲ, ನೀನೇ ಅವರನ್ನು ಬಳಸಿಕೋ ಎಂದು ಲಿಲಿಗೆ ಬೋಧಿಸುತ್ತಾನೆ. ನ್ಯೂಯಾರ್ಕಿನ ಸೆನ್ಸಾರ್ ಮಂಡಳಿ ಚಿತ್ರವನ್ನೇ ತಿರಸ್ಕರಿಸಿತು. ವಾರ್ನರ್ ಬ್ರದರ್ಸ್ ಕಂಡುಕೊಂಡ ಉಪಾಯ ನೋಡಿ: ಮುದುಕನನ್ನು ಬೆನ್ನ ಹಿಂದಿನಿಂದ ತೋರಿಸುವ ಶಾಟ್ ಬಳಸಿದರು. ತುಟಿ ಕಾಣದು. ಅದರ ಮೇಲೆ ಹೊಸ ಮಾತು ಡಬ್ ಮಾಡಿದರು. ಈಗ ಅದೇ ಮುದುಕ, ಸರಿದಾರಿಯೂ ಇದೆ ತಪ್ಪುದಾರಿಯೂ ಇದೆ, ಸರಿಯಾದದ್ದನ್ನು ಹಿಡಿ ಎನ್ನುತ್ತಾನೆ! ಹಾಗೆ ಕೇಳಿಸಿಕೊಂಡು ಹೊರಟ ಲಿಲಿ ನೇರವಾಗಿ ಮಾಡುವುದು ಮಾತ್ರ ಮೊದಲಿನದನ್ನೇ. ಗೂಡ್ಸ್ ರೈಲಿನಲ್ಲಿ ಹಿಡಿದು ಹಾಕಿದ ನೌಕರನನ್ನು ಅವಳು ಒಲಿಸಿಕೊಳ್ಳುವ ದೃಶ್ಯ ಮೊಟಕಾಯಿತು. ಕೊನೆಯಲ್ಲಿ ಲಿಲಿ ಮತ್ತು ಅವಳ ಗಂಡ ಇದ್ದುದನ್ನೆಲ್ಲ ಒಪ್ಪಿಸಿ ಬಡವರಾದರೆಂಬ ಸುದ್ದಿಯನ್ನು ಬ್ಯಾಂಕಿನ ನಿರ್ದೇಶಕರ ಬಾಯಲ್ಲಿ ಹೇಳಿಸಿದರು. ಮಾತು ಬದಲಾಯಿತು, ಕತೆಯ ಬಾಲ ಬದಲಾಯಿತು. ಸ್ಟಾನ್ವಿಕ್ ಮುಖ ಬದಲಾಗಲಿಲ್ಲ. ನನ್ನನ್ನು ಕ್ಷಮಿಸಿ ಎಂದು ಅದು ಯಾರನ್ನೂ ಕೇಳುವುದಿಲ್ಲ. ಎರಡು ಪ್ರತಿಗಳಲ್ಲೂ ನಾನು ನಂಬಿದ್ದು ಆ ಮುಖವನ್ನೇ.

ಆ ಮುಖಕ್ಕೆ, ಸ್ಟಾನ್ವಿಕ್ ಬಗ್ಗೆ ಬರೆಯುವವರೆಲ್ಲ ಕೊಡುವ ವಿವರಣೆ ಅವಳ ಬಾಲ್ಯ. ಹುಟ್ಟು 1907ರಲ್ಲಿ, ಬ್ರೂಕ್ಲಿನ್‌ನಲ್ಲಿ. ಆಗ ರೂಬಿ ಸ್ಟೀವನ್ಸ್. ನಾಲ್ಕು ವರ್ಷಕ್ಕೇ ತಾಯಿ ಟ್ರಾಮಿನಿಂದ ಬಿದ್ದು ಸತ್ತಳು, ತಂದೆ ಪನಾಮಾ ಕಾಲುವೆ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಕಂಡವರ ಮನೆಗಳಲ್ಲಿ ಬೆಳೆದು, ಹದಿಹರೆಯದಲ್ಲೇ ಕೋರಸ್ ನರ್ತಕಿಯಾದಳು. ನಿಜ, ಆದರೆ ಕಷ್ಟ ಉಂಡವರೆಲ್ಲ ಹೀಗೆ ನಟಿಸುವುದಿಲ್ಲ. ಇದು ಕಸುಬು. ಫ್ರ್ಯಾಂಕ್ ಕಾಪ್ರಾ 1930ರ ‘ಲೇಡೀಸ್ ಆಫ್ ಲೆಷರ್’ ತೆಗೆಯುವಾಗ, ಅವಳ ಉತ್ತಮ ಅಭಿನಯವೆಲ್ಲ ಮೊದಲ ಟೇಕಿನಲ್ಲೇ ಬರುತ್ತದೆ, ತಾಲೀಮು ಹೆಚ್ಚಿದಷ್ಟೂ ಸೊರಗುತ್ತದೆ ಎಂದು ಗುರುತಿಸಿದ. ಅದಕ್ಕೇ ಒಂದಕ್ಕಿಂತ ಹೆಚ್ಚು ಕ್ಯಾಮೆರಾ ಇಟ್ಟು ಹಿಡಿಯತೊಡಗಿದ. ಬರಿಯ ಕಹಿಯೇ ಬಂಡವಾಳವಾಗಿದ್ದರೆ 1941ರಲ್ಲಿ ‘ದಿ ಲೇಡಿ ಈವ್’, ‘ಬಾಲ್ ಆಫ್ ಫೈರ್’ನಂಥ ತುಂಟ ಹಾಸ್ಯ ಅವಳಿಂದ ಹೊಮ್ಮುತ್ತಿರಲಿಲ್ಲ.

1944ರ ‘ಡಬಲ್ ಇಂಡೆಮ್ನಿಟಿ’ಯಲ್ಲಿ ನಿರ್ದೇಶಕ ಬಿಲ್ಲಿ ವೈಲ್ಡರ್ ಆ ಮುಖವನ್ನೇ ನೆಚ್ಚಿಕೊಂಡ. ಕಾರಿನಲ್ಲಿ ಗಂಡನ ಕೊಲೆ ನಡೆಯುತ್ತದೆ, ತೆರೆಯ ಮೇಲೆ ಕೊಲೆಯಿಲ್ಲ. ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಿರುವ ಹೆಂಡತಿಯ ಮುಖವಷ್ಟೇ. ಅದರಲ್ಲಿ ಅವಳು ತೊಟ್ಟ ಹೊಂಬಣ್ಣದ ವಿಗ್ಗನ್ನು ಕಂಡು ಸ್ಟುಡಿಯೊ ಧಣಿಯೊಬ್ಬರು ಜಾರ್ಜ್ ವಾಷಿಂಗ್ಟನ್ ನೆನಪಾಗುತ್ತದೆಂದು ಗೊಣಗಿದ್ದರಂತೆ. ನನಗಂತೂ ಅದು ಆ ಪಾತ್ರಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ.

ಐವತ್ತರ ಹೊತ್ತಿಗೆ ಹಾಲಿವುಡ್ ನಾಯಕಿಯರನ್ನು ಮೂಲೆಗೆ ಸರಿಸುತ್ತಿತ್ತು. ಇವಳು ‘ಫಾರ್ಟಿ ಗನ್ಸ್’ (1957) ಚಿತ್ರದಲ್ಲಿ ಡೂಪ್ ಬೇಡವೆಂದು, ಓಡುವ ಕುದುರೆಯ ರಿಕಾಪಿಗೆ ಕಾಲು ಸಿಕ್ಕಿ ತಾನೇ ಎಳೆಸಿಕೊಂಡಳು. ಆಮೇಲೆ ಟಿವಿ. ತನ್ನ ಹೆಸರಿನದೇ ಕಾರ್ಯಕ್ರಮ ಒಂದೇ ಸೀಸನ್ನಿಗೆ ನಿಂತರೂ ಅವಳಿಗೆ ಎಮ್ಮಿ ಪ್ರಶಸ್ತಿ ತಂದುಕೊಟ್ಟಿತು. 1965ರಿಂದ 69ರವರೆಗೆ ‘ದಿ ಬಿಗ್ ವ್ಯಾಲಿ’ಯ ವಿಕ್ಟೋರಿಯಾ ಬಾರ್ಕ್ಲಿ: ಕ್ಯಾಲಿಫೋರ್ನಿಯಾದ ರ‍್ಯಾಂಚ್ ಆಳುವ ವಿಧವೆ, ಬೆಳೆದ ಮಕ್ಕಳ ಮುಂದೆಯೂ ಬಂದೂಕು ಹಿಡಿದು ಹೊರಡುವವಳು. ಅದಕ್ಕೂ ಎಮ್ಮಿ.

ಆಸ್ಕರ್‌ಗೆ ನಾಲ್ಕು ಸಲ ನಾಮನಿರ್ದೇಶನಗೊಂಡರೂ ಒಮ್ಮೆಯೂ ಕೈಸೇರಲಿಲ್ಲ. 1982ರಲ್ಲಿ ಗೌರವ ಆಸ್ಕರ್ ಕೊಟ್ಟರು. ತಡವಾದ ಪ್ರಾಯಶ್ಚಿತ್ತವೆಂದೇ ನನ್ನ ಅಭಿಪ್ರಾಯ. ಆ ವೇದಿಕೆಯಲ್ಲಿ ಅವಳು ನೆನೆದದ್ದು, ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದ ನಟ ವಿಲಿಯಂ ಹೋಲ್ಡನ್‌ನನ್ನು. 1939ರ ‘ಗೋಲ್ಡನ್ ಬಾಯ್’ನಲ್ಲಿ ಆ ಹೊಸ ಹುಡುಗನನ್ನು ತೆಗೆದುಹಾಕಲು ಹೊರಟಾಗ ಪಟ್ಟುಹಿಡಿದು ಉಳಿಸಿದವಳು ಅವಳೇ. ಗೌರವ ಆಸ್ಕರ್‌ನ ಮರುವರ್ಷ ‘ದಿ ಥಾರ್ನ್ ಬರ್ಡ್ಸ್’ಗೆ ಮೂರನೆಯ ಎಮ್ಮಿ ಬಂದಾಗ, ಸ್ಪರ್ಧೆಯಲ್ಲಿದ್ದ ಆ್ಯನ್ ಮಾರ್ಗರೆಟ್‌ಳ ಅಭಿನಯವನ್ನು ಅಲ್ಲೇ ನಿಂತು ಮನಸಾರೆ ಹೊಗಳಿದಳು.